ಶಾಸಕರನ್ನು ಬಿಡಿ, ರಸ್ತೆ ಬಿಲ್ಲಿನಿಂದ ಶುರು ಮಾಡಿ

ಹೆಸರು ಬದಲಿಸಿ ನಿಮ್ಮೂರಿನ ಶಾಸಕರ ಮೇಲೆ ವಿಡಂಬನೆ ಕಾದಂಬರಿ ಬರೆದರೆ ಕೇಸ್ ಬೀಳುತ್ತಾ ಅಂತ ಕೇಳಿದ್ದೀರಿ. ಬೀಳಬಹುದು. ಓದಿದವರಿಗೆ ಇದು ಇಂಥವರೇ ಅಂತ ಗೊತ್ತಾದರೆ ಹೆಸರು ಬದಲಿಸಿದ್ದು ಕಾಪಾಡುವುದಿಲ್ಲ. ಈಗ ಮಾನಹಾನಿ ಬರುವುದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ, ಎರಡು ವರ್ಷದವರೆಗೆ ಜೈಲು. ಆದರೆ ಮಾರಾಯ್ರೆ, ಕೇಸ್ ಬೀಳುವ ಮೊದಲೇ ಆ ಕಾದಂಬರಿ ಸತ್ತಿರುತ್ತದೆ.

ನಾನು ಉಡುಪಿಯಲ್ಲಿ ಕೂತು ಹೀಗೇ ಶುರು ಮಾಡಿದ್ದೆ. ನಮ್ಮ ಕಡೆಯ ಒಬ್ಬ ನಾಯಕರನ್ನು ಇದ್ದ ಹಾಗೇ ಕತೆಗೆ ಎತ್ತಿಕೊಂಡೆ. ಅವರ ನಡಿಗೆ, ಭಾಷಣದ ಧಾಟಿ, ಭೂತಕೋಲದ ದಿನ ತಡವಾಗಿ ಬಂದು ಮುಂದಿನ ಕುರ್ಚಿಯಲ್ಲಿ ಕೂರುವುದು, ಎಲ್ಲ. ಒಂದು ರೆಸಾರ್ಟ್ ಅಧ್ಯಾಯವೂ ಇತ್ತು. ಅಷ್ಟರಲ್ಲಿ 2019 ಬಂತು. ಶಾಸಕರು ಮುಂಬೈ ಹೋಟೆಲ್ ಸೇರಿದರು, ಸರ್ಕಾರ ಬಿತ್ತು, 17 ಮಂದಿ ಅನರ್ಹರಾದರು, ಅನರ್ಹತೆ ಸರಿ ಎಂದ ಸುಪ್ರೀಂ ಕೋರ್ಟೇ ಉಪಚುನಾವಣೆಗೆ ನಿಲ್ಲಬಹುದು ಅಂದಿತು, ಗೆದ್ದವರಲ್ಲಿ ಹಲವರು ಮಂತ್ರಿಗಳಾದರು. ಇಷ್ಟೆಲ್ಲ ಪೇಪರಿನಲ್ಲೇ ಬರುವಾಗ ನನ್ನ ಅಧ್ಯಾಯ ಯಾರಿಗೆ ಬೇಕು? ತಿದ್ದಿದೆ. ನಮ್ಮ ನಾಯಕರು ಮತ್ತೇನೋ ಮಾಡಿದರು. ಪುನಃ ತಿದ್ದಿದೆ.

ಆದರೆ ಕತೆ ಕೆಟ್ಟದ್ದು ಸುದ್ದಿಯಿಂದ ಮಾತ್ರ ಅಲ್ಲ. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಅಂದರೆ, ಅವರ ಬಾಯಿಗೆ ಒಂದೂ ಗಟ್ಟಿ ಮಾತು ಕೊಡಲಿಲ್ಲ. ಪ್ರತಿ ಪುಟದಲ್ಲೂ ಕಳ್ಳ, ಪ್ರತಿ ಪುಟದಲ್ಲೂ ಪೆದ್ದ. ಅಂಥವನಿಗೆ ಊರಿನವರು ಯಾಕೆ ಓಟು ಹಾಕುತ್ತಾರೆ? ಅದಕ್ಕೆ ನನ್ನ ಕತೆಯಲ್ಲಿ ಉತ್ತರವೇ ಇರಲಿಲ್ಲ. ನೀವು ತಾಳಮದ್ದಳೆ ಕೇಳಿದ್ದೀರಲ್ವಾ? ಅಲ್ಲಿ ಪಾತ್ರದ ಪರವಾಗಿ ಮಾತಾಡುವ ಒಳ್ಳೆಯ ಅರ್ಥಧಾರಿ ಕೌರವನಾಗಿ ಕೂತರೆ ಸ್ವಲ್ಪ ಹೊತ್ತು ನಮಗೂ ಅವನದ್ದೇ ನ್ಯಾಯ ಅನಿಸುತ್ತದೆ. ನಿಮ್ಮ ಭ್ರಷ್ಟನಿಗೂ ಆ ವಾದ ಕೊಡಿ. ಆಸ್ಪತ್ರೆ ಬಿಲ್ಲಿಗೆ ದುಡ್ಡು ಕೊಟ್ಟವನು ಅವನೇ, ಮದುವೆಗೂ ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೂ ತಪ್ಪದೆ ಬಂದವನು ಅವನೇ. ಆ ದುಡ್ಡು ನಮ್ಮದೇ ರಸ್ತೆಯದ್ದು ಅಂತ ನಿಧಾನವಾಗಿ ಗೊತ್ತಾಗಲಿ. ಆಗ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಹಾಗಾಗಿ ಯಾವ ಶಾಸಕರು ಅನ್ನುವ ಪ್ರಶ್ನೆಯನ್ನೇ ಬಿಡಿ. ಒಂದು ರಸ್ತೆ ಹಿಡಿಯಿರಿ. ಎಸ್ಟಿಮೇಟ್, ಟೆಂಡರ್, ಕೆಲಸ, ಆಮೇಲೆ ಜೂನಿಯರ್ ಇಂಜಿನಿಯರ್ (ಜೆಇ) ಎಂಬಿ ಅಂದರೆ ಮೆಷರ್‌ಮೆಂಟ್ ಬುಕ್ಕಿನಲ್ಲಿ ಅಳತೆ ಬರೆಯುವುದು, ಅದರ ಮೇಲೆ ಬಿಲ್. ಪುಸ್ತಕದಲ್ಲಿ ದಪ್ಪ ಇದ್ದ ಡಾಂಬರು ಒಂದೇ ಮಳೆಗಾಲಕ್ಕೆ ಎದ್ದು ಹೋಯಿತು ಅಂದರೆ ನಿಮಗೆ ಕತೆ ಸಿಕ್ಕಿತು. ಆ ಜೆಇ ಸಹಿ ಹಾಕದಿದ್ದರೆ ಟ್ರಾನ್ಸ್‌ಫರ್, ಹಾಕಿದರೆ ನಿದ್ದೆ ಇಲ್ಲ. ನಾನು ಈಗ ಬರೆಯುತ್ತಿರುವುದರಲ್ಲಿ ಶಾಸಕನಿಗಿಂತ ಆ ಜೆಇಯೇ ಜಾಸ್ತಿ ಮಾತಾಡುತ್ತಾನೆ.

ಸುಮ್ನೆ ಊಹಿಸಿ ಬರೆಯಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಿಮ್ಮದೇ ರಸ್ತೆಯ ಎಂಬಿ ಪ್ರತಿ ಕೇಳಿ. ಕೈಗೆ ಬಂದ ಮೇಲೆ ಟೇಪು ಹಿಡಿದು ಹೋಗಿ ಅಳೆಯಿರಿ, ಬರೆಯುವುದು ಆಮೇಲೆ.