ಮೈಸೂರು ಮೃಗಾಲಯದಲ್ಲಿ ಏನು ನೋಡಬೇಕು? ದನದ ಡಾಕ್ಟರ ಉತ್ತರ

ಪ್ರಶ್ನೆ: ದಸರಾ ರಜೆಗೆ ಮಕ್ಕಳನ್ನು ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಮಗಳು ಐದನೇ ತರಗತಿ, ಮಗ ಒಂದನೇ ತರಗತಿ. ಜೊತೆಗೆ ಅತ್ತೆಯವರೂ ಬರುತ್ತಾರೆ, ಅವರಿಗೆ ಮಂಡಿ ನೋವು. ಹೋಗಿ ಬಂದವರೆಲ್ಲ ‘ಓಡಾಡಿದ್ದೇ ಆಯ್ತು, ಏನೂ ನೆನಪಿಲ್ಲ’ ಅಂತಾರೆ. ಒಂದೇ ದಿನದಲ್ಲಿ ಸರಿಯಾಗಿ ನೋಡೋದು ಹೇಗೆ ಡಾಕ್ಟ್ರೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ತಂಗಿ, ಎಲ್ಲಾ ಪ್ರಾಣಿ ನೋಡಲೇಬೇಕು ಅನ್ನುವ ಹಟ ಮೊದಲು ಬಿಡಿ. ನಾಲ್ಕೈದು ಪ್ರಾಣಿಗಳ ಮುಂದೆ ಸಮಾಧಾನವಾಗಿ ನಿಲ್ಲಿ. ಉಳಿದವನ್ನು ನಡೆಯುತ್ತಾ ನೋಡಿದರೆ ಸಾಕು.

ರಾತ್ರಿ ರೈಲಿಗೆ ಹತ್ತಿದರೆ ಬೆಳಗ್ಗೆ ಮೈಸೂರಿನಲ್ಲಿರುತ್ತೀರಿ. ಮೃಗಾಲಯ 8.30ಕ್ಕೆ ತೆರೆಯುತ್ತದೆ. ಆ ಹೊತ್ತಿಗೇ ಗೇಟಿನ ಹತ್ತಿರ ಇರಿ. ಬಿಸಿಲು ಏರುವ ಮುಂಚೆ ಪ್ರಾಣಿಗಳೂ ಚುರುಕಾಗಿರುತ್ತವೆ, ಮಕ್ಕಳೂ ಚುರುಕಾಗಿರುತ್ತಾರೆ. ಮಂಗಳವಾರ ವಾರದ ರಜೆ, ನೆನಪಿಡಿ. ಜಂಬೂಸವಾರಿಯ ಹಿಂದುಮುಂದಿನ ದಿನಗಳಲ್ಲಿ ಮಾತ್ರ ಹೋಗಬೇಡಿ. ಆ ನೂಕುನುಗ್ಗಲಿನಲ್ಲಿ ಅತ್ತೆಯವರಿಗೆ ಕಷ್ಟ. ಅವರನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿ. ಪೂರ್ತಿ ಸುತ್ತಿದರೆ ಸುಮಾರು ಮೂರು ಕಿಲೋಮೀಟರ್ ನಡಿಗೆ, ಮಂಡಿ ನೋವಿದ್ದವರಿಗೆ ಅದು ಜಾಸ್ತಿಯೇ.

ಈಗ ಮುಖ್ಯವಾದ ಮಾತು. ನಾನು ಜಗಳೂರು, ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ದನದ ಡಾಕ್ಟರಾಗಿ ಕೆಲಸ ಮಾಡಿದವನು. ಹಸುವಿಗೆ ಹುಷಾರಿಲ್ಲ ಅಂತ ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ‘ಮೆಲುಕು ಹಾಕ್ತಿದೆಯಾ?’ ಮೆಲುಕು ಬಿಟ್ಟಿದ್ದರೆ ಒಳಗೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಆ ಕಣ್ಣಿನಿಂದಲೇ ನಾನು ಮೃಗಾಲಯವನ್ನೂ ನೋಡುತ್ತೇನೆ. ಅದಕ್ಕೇ ಜಿರಾಫೆ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ.

ಜಿರಾಫೆಯೂ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿ. ಹೊಟ್ಟೆಯಲ್ಲಿ ನಾಲ್ಕು ಕೋಣೆ. ಹಸುವಿನ ಗಂಟಲಲ್ಲಿ ಮೆಲುಕಿನ ಉಂಡೆ ಮೇಲೆ ಬರುವುದು ಗೊತ್ತಾಗುವಷ್ಟರಲ್ಲಿ ಬಾಯಿ ಸೇರಿರುತ್ತದೆ. ಜಿರಾಫೆಯಲ್ಲಿ ಹಾಗಲ್ಲ. ಅಷ್ಟುದ್ದ ಕುತ್ತಿಗೆಯಲ್ಲಿ ಉಂಡೆ ಕೆಳಗಿನಿಂದ ಮೇಲಕ್ಕೆ ಏರುವುದು ಕಣ್ಣಿಗೇ ಕಾಣುತ್ತದೆ. ಅಗಿದು ನುಂಗಿದ ಮೇಲೆ ಮತ್ತೆ ಇಳಿಯುತ್ತದೆ. ಸ್ವಲ್ಪ ಬಿಟ್ಟು ಇನ್ನೊಂದು ಏರುತ್ತದೆ. ನಿಮ್ಮ ಮಗನಿಗೆ ಕುತ್ತಿಗೆಯನ್ನೇ ನೋಡುತ್ತಿರು ಅಂತ ಹೇಳಿ, ಅವನೇ ಕಂಡುಹಿಡಿಯಲಿ. ಮಗಳಿಗೆ ಇನ್ನೊಂದು ವಿಷಯ ಹೇಳಿ: ಆ ಕುತ್ತಿಗೆಯಲ್ಲಿರುವುದು 7 ಮೂಳೆ, ಅವಳ ಕುತ್ತಿಗೆಯಲ್ಲೂ 7. ಒಂದೊಂದೂ ಉದ್ದ, ಅಷ್ಟೇ.

ಆಮೇಲೆ ಕಾಡುಕೋಣ. ಅದೂ ನಮ್ಮ ಎತ್ತಿನ ಬಳಗವೇ. ಕಾಲಿಗೆ ಬಿಳಿ ಕಾಲುಚೀಲ ಹಾಕಿದಂತಿರುತ್ತದೆ. ಅತ್ತೆಯವರು ದನ ಸಾಕಿದವರಾದರೆ ಅವರೇ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ವಿವರಿಸುತ್ತಾರೆ, ನೋಡುತ್ತಿರಿ.

ಗೊರಿಲ್ಲಾ ಬಿಡಬೇಡಿ. 2014ರಲ್ಲಿ ತೀರಿಕೊಂಡ ಪೋಲೊ ಎಂಬ ಗೊರಿಲ್ಲಾ ಅಲ್ಲಿ ವರ್ಷಗಟ್ಟಲೆ ಒಂಟಿಯಾಗಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಗುಂಪಿನಲ್ಲಿ ಬದುಕುವ ಪ್ರಾಣಿ ಅದು. 2021ರಲ್ಲಿ ಜರ್ಮನಿಯಿಂದ ತಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ಜೊತೆಯಾಗಿಯೇ ತಂದರು. ಜೊತೆಯಾಗಿ ತಂದದ್ದೇ ನನಗೆ ದೊಡ್ಡ ಸಮಾಧಾನ.

ಮಗಳು ಇತಿಹಾಸ ಕೇಳಿದರೆ: 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಶುರು ಮಾಡಿಸಿದ್ದು. ಆಗ 10 ಎಕರೆ, ಈಗ 150 ಎಕರೆಗೂ ಜಾಸ್ತಿ. 1909ರಿಂದ ಅವರದೇ ಹೆಸರು.

ಪ್ರಶ್ನೆ: ಯಾವಾಗ ಹೋದರೂ ಹುಲಿ ಮಲಗಿಯೇ ಇರುತ್ತದೆ. ಅದಕ್ಕೆ ಕಾಯಿಲೆಯಾ? ಸರಿಯಾಗಿ ತಿನ್ನೋಕೆ ಕೊಡಲ್ವಾ? ನಾವು ಕೂಗಿದರೂ ಏಳಲಿಲ್ಲ.
– ಪಿಯುಸಿ ವಿದ್ಯಾರ್ಥಿ, ಹಿರಿಯೂರು

ಉತ್ತರ: ಕೂಗಬೇಡಪ್ಪಾ. ಹುಲಿ ಮೆಲುಕು ಹಾಕುವ ಪ್ರಾಣಿ ಅಲ್ಲ. ಹಸು ದಿನಕ್ಕೆ ಸುಮಾರು 8 ಗಂಟೆ ಮೆಲುಕಿಗೇ ಕಳೆಯುತ್ತದೆ, ಹುಲ್ಲಿನಿಂದ ಸತ್ವ ತೆಗೆಯುವುದು ಅಷ್ಟು ನಿಧಾನ. ಮಾಂಸ ಹಾಗಲ್ಲ. ಕಾಡಿನ ಹುಲಿ ಒಂದೇ ಸಲಕ್ಕೆ 30 ಕಿಲೋವರೆಗೂ ತಿಂದು, ನೆರಳು ಹಿಡಿದು ಮಲಗಿಬಿಡುತ್ತದೆ. ಬೇಟೆಯ ಹೊತ್ತು ರಾತ್ರಿ, ಮುಂಜಾವು, ಮುಸ್ಸಂಜೆ. ನೀನು ಹೋಗುವ ಮಧ್ಯಾಹ್ನ ಅದರ ನಿದ್ದೆಯ ಹೊತ್ತು. ಊಟದ ಬಗ್ಗೆಯೂ ಚಿಂತೆ ಬೇಡ. ಮೃಗಾಲಯಗಳಲ್ಲಿ ಹುಲಿ, ಸಿಂಹಗಳಿಗೆ ವಾರಕ್ಕೊಂದು ದಿನ ಬೇಕೆಂದೇ ಉಪವಾಸ ಹಾಕುತ್ತಾರೆ, ಹೊಟ್ಟೆಗೆ ಒಳ್ಳೆಯದು ಅಂತ. ಮಲಗಿರುವ ಹುಲಿಯ ಪಕ್ಕೆ ನೋಡು, ಉಸಿರು ಒಂದೇ ಸಮ ಇದ್ದರೆ ಅದು ಆರಾಮಾಗಿದೆ.

ಪ್ರಶ್ನೆ: ಮೈಸೂರಿಗೆ ಹೋಗುವಷ್ಟು ಅನುಕೂಲ ನಮಗಿಲ್ಲ. ಮಗ ಹಟ ಮಾಡುತ್ತಿದ್ದಾನೆ. ಇಲ್ಲೇ ಹತ್ತಿರ ಏನಿದೆ?
– ಓದುಗರು, ಹರಿಹರ

ಉತ್ತರ: ಹೆದ್ದಾರಿ ಪಕ್ಕ ಆನಗೋಡಿನ ಕಿರು ಮೃಗಾಲಯ ಇದೆಯಲ್ಲ, ಅಲ್ಲಿಂದ ಶುರು ಮಾಡಿ. ಜಿಂಕೆಗಳನ್ನು ಅಲ್ಲೇ ನೋಡಲಿ. ಇನ್ನೊಂದು ಭಾನುವಾರ ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯಕ್ಕೆ ಹೋಗಿ, ಜೋಗಿಮಟ್ಟಿ ಕಾಡಿನ ಸೆರಗಿನಲ್ಲೇ ಇದೆ. ಹುಡುಗನಿಗೆ ಕೊಂಡುಕುರಿ ಎಂಬ ಪುಟ್ಟ ಹುಲ್ಲೆಯ ವಿಷಯವನ್ನೂ ಹೇಳಿ. ನಮ್ಮ ಜಗಳೂರಿನ ರಂಗಯ್ಯನದುರ್ಗ ಅಭಯಾರಣ್ಯ ಮಾಡಿದ್ದೇ ಅದಕ್ಕೋಸ್ಕರ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಗಿಡ್ಡ. ಅಷ್ಟು ಕೊಂಬಿರುವ ಕಾಡುಪ್ರಾಣಿ ಪ್ರಪಂಚದಲ್ಲಿ ಬೇರೊಂದಿಲ್ಲ. ತುಂಬಾ ನಾಚಿಕೆಯ ಪ್ರಾಣಿ, ಕಾಡಿನಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಆದರೆ ಮೈಸೂರಿನ ಮಕ್ಕಳ ಊರಲ್ಲಿಲ್ಲದ ಕಾಡು ತನ್ನ ಜಿಲ್ಲೆಯಲ್ಲಿದೆ ಅಂತ ಅವನಿಗೆ ಗೊತ್ತಾಗಲಿ. ಮುಂದಿನ ವರ್ಷ ಶಾಲೆಯಿಂದ ಮೈಸೂರು ಪ್ರವಾಸ ಹೊರಟರೆ ತಪ್ಪದೆ ಕಳಿಸಿ.