ಚುನಾವಣೆ ಗೆಲ್ಲದೆ ಸಂಘ ಕಟ್ಟಬಾರದೇ?

ಪ್ರಶ್ನೆ: ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾವು 400 ಕಾರ್ಮಿಕರಿದ್ದೇವೆ. ಒಂದು ಸಂಘ ಈಗಾಗಲೇ ಇದೆ. ಇನ್ನೊಂದನ್ನು ಕಟ್ಟಲು ಹೊರಟ ನಮಗೆ, ಚುನಾವಣೆ ಗೆಲ್ಲದೆ ಅದು ಸಂಘವೇ ಅಲ್ಲವೆಂದು ಆಡಳಿತದವರು ಹೇಳುತ್ತಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ಹೊಸೂರು

ಉತ್ತರ: ನೋಂದಣಿ ಮತ್ತು ಮಾನ್ಯತೆ ಎಂಬ ಎರಡು ಬೇರೆ ವಿಷಯಗಳನ್ನು ಅವರು ಒಂದು ಮಾಡಿದ್ದಾರೆ, ತಿಳಿಯದೆ ಮಾಡಿದ್ದಾರೆಂದು ನನಗನ್ನಿಸುವುದಿಲ್ಲ. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿಯ ಹಕ್ಕು. ನೋಂದಣಿಗೆ ಏಳು ಸದಸ್ಯರು ಅರ್ಜಿ ಸಲ್ಲಿಸಬೇಕು. ಕಾರ್ಮಿಕರಲ್ಲಿ ಶೇಕಡಾ 10ರಷ್ಟು ಅಥವಾ 100 ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ನಿಮಗೆ 40 ಮಂದಿ ಸಾಕು, ಚುನಾವಣೆ ಬೇಕಿಲ್ಲ.

ಮಾನ್ಯತೆಯ, ಅಂದರೆ ಎಲ್ಲರ ಪರವಾಗಿ ಮಾಲೀಕರೊಡನೆ ಮಾತುಕತೆಗೆ ಕೂರುವ ಅಧಿಕಾರದ ಮಾತು ಬೇರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇಕಡಾ 51ರ, ಅಂದರೆ ನಿಮ್ಮಲ್ಲಿ 204 ಮಂದಿಯ, ಬೆಂಬಲವಿರುವ ಸಂಘವೇ ಏಕೈಕ ಸಂಧಾನ ಸಂಘವಾಗುತ್ತದೆ. ಯಾರಿಗೂ ಅಷ್ಟು ಬೆಂಬಲವಿಲ್ಲದಿದ್ದರೆ ಸಂಧಾನ ಮಂಡಳಿ ರಚನೆಯಾಗುತ್ತದೆ. ಅದರಲ್ಲಿ ಸಂಘಕ್ಕಿರುವ ಪ್ರತಿ ಶೇಕಡಾ 20ರ, ಅಂದರೆ 80 ಮಂದಿಯ, ಬೆಂಬಲಕ್ಕೆ ಒಬ್ಬ ಪ್ರತಿನಿಧಿ. ಬೆಂಬಲ ಅಳೆಯಲು ಗುಪ್ತ ಮತದಾನವೆಂಬುದು ಹೊಸತೇನಲ್ಲ. ಭಾರತೀಯ ಆಹಾರ ನಿಗಮದ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಅದರ ಕ್ರಮವನ್ನು ವಿವರವಾಗಿ ಹೇಳಿತ್ತು. ಮೊದಲು ಹಾಜರಿ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆಯೆಂದು ನೋಡಿಕೊಳ್ಳಿ, ಲೆಕ್ಕ ನಿಂತಿರುವುದು ಅದರ ಮೇಲೆ.