ಎಲೆಗೇ ನಿಲ್ಲುವ ಲೇಸರ್‌ನಿಂದ ಯುದ್ಧದ ತರಬೇತಿ ಹೇಗೆ?
ಅಮೆರಿಕ ಸೈನ್ಯದ ಮೈಲ್ಸ್ (ಗುಂಡಿನ ಬದಲು ಲೇಸರ್ ಹಾರಿಸುವ ಅಣಕು ಯುದ್ಧದ ವ್ಯವಸ್ಥೆ) ತರಬೇತಿಯಲ್ಲಿ ಪೊದೆ ಹಿಂದೆ ಕೂತವನಿಗೆ ಲೇಸರ್ ತಾಗಲ್ಲ, ಇದರಿಂದ ತಪ್ಪು ಪಾಠ ಕಲಿತ ಹಾಗಾಗಲ್ವಾ ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿ. ನಿಜವಾದ ಗುಂಡು ಎಲೆ, ತೆಳು ಹಲಗೆ ಎಲ್ಲ ದಾಟಿ ಹೋಗುತ್ತದೆ, ಲೇಸರ್ ಅಲ್ಲೇ ನಿಲ್ಲುತ್ತದೆ. ಗುಂಡು ದೂರ ಹೋದಷ್ಟೂ ಕೆಳಗೆ ಬಾಗುತ್ತದೆ, ಬೆಳಕು ನೇರ ಹೋಗುತ್ತದೆ. ಹಾಗಾಗಿ ಗುರಿ ಹಿಡಿಯುವುದನ್ನು ಕಲಿಯಲು ಫೈರಿಂಗ್ ರೇಂಜ್ ಬೇಕೇ ಬೇಕು.

ಆದರೆ ಮೈಲ್ಸ್ ಇರುವುದು ಬೇರೆ ಕೆಲಸಕ್ಕೆ. ಬಂದೂಕಿನಲ್ಲಿ ಖಾಲಿ ತೋಟಾ (ಗುಂಡಿಲ್ಲದೆ ಸದ್ದು ಮಾತ್ರ ಮಾಡುವುದು) ಸಿಡಿದಾಗ ನಳಿಗೆ ಮೇಲಿನ ಪೆಟ್ಟಿಗೆಯಿಂದ ಲೇಸರ್ ಹೊರಡುತ್ತದೆ, ಎದುರಿನವನ ಹೆಲ್ಮೆಟ್, ಎದೆಪಟ್ಟಿಯ ಸೆನ್ಸರ್‌ಗಳು ಅದನ್ನು ಹಿಡಿಯುತ್ತವೆ. ಆ ಬೆಳಕಿನಲ್ಲಿ ಯಾವ ಆಯುಧ ಅನ್ನುವ ಕೋಡ್ ಕೂಡ ಇರುತ್ತದೆ. ಹಾಗಾಗಿ ರೈಫಲ್‌ನಿಂದ ಟ್ಯಾಂಕ್ ಹೊಡೆದುರುಳಿಸಲು ಆಗಲ್ಲ. ಸ್ವಲ್ಪದರಲ್ಲೇ ತಪ್ಪಿದರೆ ಒಂದೆರಡು ಬೀಪ್, ತಾಗಿದರೆ ನಿಲ್ಲದ ಸದ್ದು. ಆ ಸದ್ದಿನ ಭಯ ದೊಡ್ಡದು, ಮೈ ಬಗ್ಗಿಸಿ ಓಡುವುದನ್ನು ಅದೇ ಕಲಿಸುತ್ತದೆ.

ನನ್ನ ಪ್ರಕಾರ ಅಸಲಿ ಪಾಠ ಆಮೇಲೆ ಸಿಗುವುದು. ಕ್ಯಾಲಿಫೋರ್ನಿಯಾ ಮರುಭೂಮಿಯ ಫೋರ್ಟ್ ಅರ್ವಿನ್ ಸೇನಾ ತರಬೇತಿ ಕೇಂದ್ರದಲ್ಲಿ ಯಾರು ಎಲ್ಲಿದ್ದರು, ಯಾರಿಗೆ ಯಾವಾಗ ತಾಗಿತು ಅನ್ನುವುದೆಲ್ಲ ದಾಖಲಾಗುತ್ತದೆ. ಅಣಕು ಯುದ್ಧ ಮುಗಿದ ಮೇಲೆ ಎಲ್ಲರೂ ಕೂತು, ದರ್ಜೆ ನೋಡದೆ, ಎಲ್ಲಿ ಎಡವಿದೆವು ಅಂತ ಮಾತಾಡುತ್ತಾರೆ. ಪೊದೆ ಹಿಂದೆ ಸುಮ್ನೆ ಕೂತು ಬದುಕಿದವನ ವಿಷಯ ಅಲ್ಲೇ ಎತ್ತಬಹುದು.